ಬಂಡೆಯ ಮೇಲೆ ಭಾವ, ಹಗ್ಗದಲ್ಲಿ ಜೀವ: ನೀಲಗಿರಿಯ ಜೇನು ತೆಗೆಯುವವರು ಮತ್ತು ಕಣಿವೆ ಇಳಿಯುವ ಲೆಕ್ಕ

ಏಪ್ರಿಲ್ ಬಂತೆಂದರೆ ಮಂಗಳೂರು, ಉಳ್ಳಾಲ, ಉಪ್ಪಿನಂಗಡಿ ಕಡೆಯ ಹುಡುಗರ ಬೈಕು, ಕಾರುಗಳು ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೊರಡುತ್ತವೆ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಬೀಳುವುದರೊಳಗೆ ದಾಟಬೇಕು, 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಶುರುವಾಗಿದೆ, ಇಷ್ಟು ಎಲ್ಲರಿಗೂ ಗೊತ್ತು. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ, ಅಲ್ಲಿಂದ ಮೇಲೆ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು. ಈ ಘಾಟಿಯಲ್ಲಿ ಒಂದು ವಿಚಿತ್ರ ನಿಯಮ ಇದೆ. ಹೊರಗಿನ ಗಾಡಿಗಳಿಗೆ ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ಕಾರಣ ಸರಳ. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕ್ ಸೋತರೆ ನಿಲ್ಲುವುದಿಲ್ಲ.

ಹಗ್ಗದ ಕಥೆಯೂ ಇದೇ. ಮೊಬೈಲಿನಲ್ಲಿ ಈಗ ಅಂಥ ವೀಡಿಯೊಗಳು ದಿನಕ್ಕೆ ಹತ್ತು ಬರುತ್ತವೆ. ಅಮೆರಿಕದ ಯೂಟಾ ಮರುಭೂಮಿಯ ಕೆಂಪು ಕಣಿವೆ, ಒಮಾನಿನ ವಾದಿ, ಎರಡು ಗೋಡೆಗಳ ನಡುವೆ ಹಗ್ಗದಲ್ಲಿ ಜಾರುತ್ತಾ ಇಳಿಯುವ ಹುಡುಗ, ಹಿಂದಿನಿಂದ ಮ್ಯೂಸಿಕ್. ನೋಡಿದವನಿಗೆ ಅನಿಸುವುದು ಒಂದೇ: ಧೈರ್ಯ ಇದ್ದರೆ ಸಾಕು, ಹಗ್ಗ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದೇ ಊಟಿ ರಸ್ತೆಯ ಆಚೀಚೆಯ ಬೆಟ್ಟಗಳಲ್ಲಿ ವೀಡಿಯೊ, ಕ್ಯಾಮೆರಾ ಯಾವುದೂ ಇಲ್ಲದ ಕಾಲದಿಂದಲೂ ಹಗ್ಗದಲ್ಲಿ ಬಂಡೆ ಇಳಿಯುವ ಜನ ಇದ್ದಾರೆ. ನೀಲಗಿರಿಯ ಕುರುಂಬರು. ಹೆಸರು ಹತ್ತಿರ ಇದೆ ಅಂತ ಕುರಿ ಸಾಕುವ ಕುರುಬರು ಎಂದುಕೊಳ್ಳಬೇಡಿ, ಇವರು ಕಾಡಿನ ಜನ. ಹೆಜ್ಜೇನು ತೆಗೆಯುವುದು ಇವರ ಕಸುಬು. ಹಗ್ಗದಲ್ಲಿ ಇಳಿಯುವುದು ಅಂದರೆ ನಿಜವಾಗಿ ಏನು, ಅಪಾಯ ಎಲ್ಲಿರುತ್ತದೆ ಎಂದು ತಿಳಿಯಬೇಕಾದರೆ ಮೊದಲು ಇವರನ್ನೇ ನೋಡಬೇಕು.

ಜಾಗದ ಪರಿಚಯ ಸ್ವಲ್ಪ ಬೇಕು. ನೀಲಗಿರಿ ಜಿಲ್ಲೆ ಚಿಕ್ಕದು, ಆದರೆ ಒಳಗೆ ಎರಡು ಮೂರು ಹವಾಮಾನ ಇದೆ. ಪಶ್ಚಿಮದ ಗೂಡಲೂರಿಗೆ ನಮ್ಮ ಕರಾವಳಿಯ ಹಾಗೆಯೇ ಮುಂಗಾರು ಸುರಿಯುತ್ತದೆ. ನಡುವೆ 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಮತ್ತು ಅದರ ಸುತ್ತಲ ಎತ್ತರದ ಸೀಮೆ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಅದರ ಆಚೆ ಬದಿಯ ಮಸಿನಗುಡಿ, ಸೀಗೂರು, ಮೋಯಾರ್ ಕಡೆಗೆ ಉಳಿಯುವುದು ಕಡಿಮೆ ಮಳೆ. ಅಲ್ಲಿ ಮುಳ್ಳಿನ ಪೊದೆ, ಕಳ್ಳಿ, ಒಣ ನೆಲ. ಆ ಒಣ ಸೀಮೆಯಲ್ಲಿ ಮೋಯಾರ್ ನದಿ ನೆಲವನ್ನು ಸೀಳಿಕೊಂಡು ಹೋಗುತ್ತದೆ. ತೆಪ್ಪಕಾಡಿನಿಂದ ಕೆಳಕ್ಕೆ ಸುಮಾರು 20 ಕಿಲೋಮೀಟರ್ ಉದ್ದದ ಆಳವಾದ ಕಮರಿ ಅದು. ಬ್ರಿಟಿಷರು ಇದನ್ನು ಮೈಸೂರು ಡಿಚ್ ಅಂತ ಕರೆದರು. ದಕ್ಷಿಣ ಭಾರತದಲ್ಲಿ ಮರುಭೂಮಿಯ ಕಣಿವೆಗೆ ಹತ್ತಿರ ಅನ್ನಬಹುದಾದ ಜಾಗ ಇದ್ದರೆ ಇದೇ. ಇನ್ನು ಕೋತಗಿರಿ, ಕೂನೂರಿನ ಪೂರ್ವ ಮತ್ತು ದಕ್ಷಿಣದ ಅಂಚಿನಲ್ಲಿ ಬೆಟ್ಟ ಒಮ್ಮೆಲೇ ಕಡಿದುಕೊಂಡು ಬಯಲಿಗೆ ಬೀಳುತ್ತದೆ. ಆಲು ಕುರುಂಬರ ಊರುಗಳು ಇರುವುದು ಹೆಚ್ಚಾಗಿ ಈ ಇಳಿಜಾರುಗಳಲ್ಲಿ, ಅವರು ಇಳಿಯುವ ಜೇನಿನ ಬಂಡೆಗಳೂ ಅಲ್ಲೇ.

ಜೇನು ಬಂಡೆಯಲ್ಲೇ ಯಾಕೆ? ನಮ್ಮಲ್ಲಿ ತೋಟದ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. ಅದು ಪೊಟರೆಯ ಕತ್ತಲಲ್ಲಿ ಬದುಕುವ ಸಾಧು ಜಾತಿ. ಹೆಜ್ಜೇನು ಹಾಗಲ್ಲ. ಬಯಲಲ್ಲೇ ಒಂದೇ ಒಂದು ದೊಡ್ಡ ಎರಿ ಕಟ್ಟುತ್ತದೆ, ಒಂದು ಮೀಟರ್ ಅಗಲದವರೆಗೂ. ಕರಡಿಗೆ, ಬೆಂಕಿಗೆ, ಮನುಷ್ಯನಿಗೆ ಸಿಗದ ಜಾಗ ಬೇಕು, ಮಳೆ ನೇರವಾಗಿ ಬೀಳಬಾರದು. ಹಾಗಾಗಿ ಎತ್ತರದ ಮರದ ಕೊಂಬೆ ಅಥವಾ ಮುಂದಕ್ಕೆ ಚಾಚಿದ ಬಂಡೆಯ ಅಡಿಭಾಗವನ್ನೇ ಆರಿಸುತ್ತದೆ. ಒಂದೇ ಬಂಡೆಯಲ್ಲಿ ಹತ್ತಾರು ಗೂಡು, ಕೆಲವು ಕಡೆ ನೂರಕ್ಕೂ ಹೆಚ್ಚು. ಒಂದೊಂದು ಗೂಡಿನಲ್ಲಿ ಹತ್ತಾರು ಸಾವಿರ ಹುಳು. ಕಣಜ ಹತ್ತಿರ ಬಂದರೆ ಸಾವಿರಾರು ಹುಳುಗಳು ಒಟ್ಟಿಗೆ ಹೊಟ್ಟೆ ಎತ್ತಿ ಅಲೆ ಎದ್ದ ಹಾಗೆ ಮಿಂಚುತ್ತವೆ. ಕೆಳಗಿನಿಂದ ನೋಡಲು ಬಹಳ ಚಂದ, ಆದರೆ ಅದು ‘ಹತ್ತಿರ ಬರಬೇಡ’ ಎನ್ನುವ ಎಚ್ಚರಿಕೆ.

ಬಂಡೆ ಮುಂದಕ್ಕೆ ಚಾಚಿದೆ ಅಂದೆವಲ್ಲ, ಕಷ್ಟ ಶುರುವಾಗುವುದೇ ಅಲ್ಲಿ. ಮೇಲಿನಿಂದ ಬಿಟ್ಟ ಹಗ್ಗ ಗೂಡಿನ ಎದುರು ಗಾಳಿಯಲ್ಲಿ ತೂಗುತ್ತದೆ, ಗೂಡು ಒಳಗಡೆ ಇರುತ್ತದೆ. ಇಳಿದವನ ಕಾಲಿಗೆ ಕಲ್ಲು ಸಿಗುವುದಿಲ್ಲ. ಒಂದು ಕೈ ಏಣಿಗೆ, ಒಂದು ಕೈ ಕೆಲಸಕ್ಕೆ, ಸುತ್ತ ಹೊಗೆ ಮತ್ತು ಹುಳು.

ಕುರುಂಬರ ಹಳೆಯ ಕ್ರಮದಲ್ಲಿ ಕೆಲಸ ಬಂಡೆಯ ಹತ್ತಿರ ಶುರುವಾಗುವುದಿಲ್ಲ, ಕಾಡಿನಲ್ಲಿ ಬಳ್ಳಿ ಹುಡುಕುವುದರಿಂದ ಶುರುವಾಗುತ್ತದೆ. ಬಲಿತ ಕಾಡುಬಳ್ಳಿಯನ್ನು ಕಡಿದು, ಹಸಿ ಇರುವಾಗಲೇ ಹೊಸೆದು, ಮೆಟ್ಟಿಲು ಕಟ್ಟಿ ಏಣಿ ಮಾಡುತ್ತಾರೆ. ಯಾವ ಬಳ್ಳಿ ಆಗುತ್ತದೆ, ಯಾವುದು ಬಾಗಿದರೆ ಸೀಳುತ್ತದೆ ಎಂಬುದು ಅಪ್ಪನಿಂದ ಮಗನಿಗೆ ಬರುವ ವಿದ್ಯೆ. ಹಸಿ ಬಳ್ಳಿಗೆ ಬಾಗುವ ಗುಣ ಇದೆ, ಒಣಗಿದರೆ ಮುರಿಯುತ್ತದೆ. ಆದ್ದರಿಂದ ಕಳೆದ ವರ್ಷದ ಏಣಿಯನ್ನು ಈ ವರ್ಷ ನಂಬುವ ಹಾಗಿಲ್ಲ. ಇಳಿಯುವವನು ದಿನಗಳ ಮುಂಚೆಯೇ ವ್ರತದ ಹಾಗೆ ಶುಚಿಯಾಗಿ ಇರುತ್ತಾನೆ, ಬಂಡೆಯ ಹತ್ತಿರ ಪ್ರಾರ್ಥನೆ ನಡೆಯುತ್ತದೆ, ಇಳಿಯುವಾಗ ಹುಳುಗಳಿಗೆ ಹಾಡು ಹೇಳುವ ಪದ್ಧತಿಯೂ ಇದೆ. ಹೊರಗಿನವರು ಇದನ್ನೆಲ್ಲ ಮೂಢನಂಬಿಕೆ ಅನ್ನಬಹುದು. ಅದೇನೇ ಇರಲಿ, ಅರ್ಧ ಮನಸ್ಸಿನವನು, ನಿದ್ದೆಗೆಟ್ಟವನು, ಕುಡಿದವನು ಆ ದಿನ ಏಣಿ ಹತ್ತಿರ ಬರದ ಹಾಗೆ ಈ ಕ್ರಮ ನೋಡಿಕೊಳ್ಳುತ್ತದೆ.

ಏಣಿಯ ತುದಿಯನ್ನು ಬಂಡೆಯ ನೆತ್ತಿಯಲ್ಲಿ ಬೇರು ಬಿಟ್ಟ ಗಟ್ಟಿ ಮರಕ್ಕೆ ಕಟ್ಟುತ್ತಾರೆ. ಮೊದಲು ಹೊಗೆ: ಒಣ ಸೊಪ್ಪನ್ನು ಒಳಗಿಟ್ಟು ಹಸಿ ಸೊಪ್ಪು ಸುತ್ತಿದ ಕಟ್ಟಿಗೆ ಬೆಂಕಿ ಕೊಟ್ಟರೆ ಉರಿಯದೆ ದಟ್ಟವಾಗಿ ಹೊಗೆಯಾಡುತ್ತದೆ. ಹುಳು ಎದ್ದ ಮೇಲೆ ಉದ್ದ ಬಿದಿರಿನ ಕೋಲಿನಿಂದ ಎರಿ ಕೊಯ್ಯುತ್ತಾರೆ. ಜೇನು ದಪ್ಪಗೆ ತುಂಬಿರುವುದು ಎರಿಯ ಮೇಲಿನ ಮೂಲೆಯಲ್ಲಿ, ಕೆಳಗಿನ ಅಗಲ ಭಾಗದಲ್ಲಿ ಮರಿಹುಳು. ಗೊತ್ತಿದ್ದವನು ಎರಡನ್ನೂ ಬೇರೆ ಮಾಡುತ್ತಾನೆ. ಕೊಯ್ದದ್ದು ಇನ್ನೊಂದು ಹಗ್ಗದಲ್ಲಿ ತೂಗುವ ಬುಟ್ಟಿಗೋ ಡಬ್ಬಕ್ಕೋ ಬಿದ್ದು ಕೆಳಗಿಳಿಯುತ್ತದೆ. ಕೆಲಸ ಮುಗಿದ ಮೇಲೆ ಅವನು ಬಂದ ಏಣಿಯಲ್ಲೇ ಮತ್ತೆ ಮೇಲೆ ಹತ್ತಬೇಕು, ಹೆಚ್ಚಿನ ಸಲ ಕೈಕಾಲು ಸೋತ ಮೇಲೆ.

ಈಗ ಮುಖ್ಯ ಪ್ರಶ್ನೆ: ಅಷ್ಟೂ ಹೊತ್ತು ಮೇಲೆ ಮರದ ಹತ್ತಿರ ಏಣಿ ಕಾಯುವವನು ಯಾರು? ಅಣ್ಣತಮ್ಮ ಅಲ್ಲ, ಗೆಳೆಯನೂ ಅಲ್ಲ. ಹೆಂಡತಿಯ ಅಣ್ಣ ಅಥವಾ ತಮ್ಮ, ಅಂದರೆ ಭಾವ. ಇದಕ್ಕೆ ಅವರು ಕೊಡುವ ಕಾರಣ ನೇರ. ಅಣ್ಣತಮ್ಮಂದಿರ ನಡುವೆ ಜಾಗದ ಜಗಳ, ಮನಸ್ತಾಪ ಏನಾದರೂ ಇರಬಹುದು. ಆದರೆ ಭಾವ ಕಟ್ಟು ಸಡಿಲ ಬಿಟ್ಟರೆ ವಿಧವೆಯಾಗುವುದು ಅವನದೇ ತಂಗಿ. ಜೇನು ತೆಗೆಯುವ ಬೇರೆ ಸಮುದಾಯಗಳಲ್ಲೂ ಇದೇ ಪದ್ಧತಿಯ ಮಾತು ಕೇಳಿಬರುತ್ತದೆ. ಬಿ.ಕಾಂ.ನಲ್ಲಿ ಆಡಿಟಿಂಗ್ ಓದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕೀಲಿ ಯಾರ ಕೈಯಲ್ಲಿ ಕೊಡಬೇಕು? ನಷ್ಟ ಆದರೆ ಯಾರಿಗೆ ನೋಯುತ್ತದೋ ಅವರ ಕೈಯಲ್ಲಿ.

ಕರಾವಳಿಯಲ್ಲಿ ಬಾವಿ ಕೆಲಸ ನೋಡಿದವರಿಗೂ ಇದು ಹೊಸದಲ್ಲ. ಕೆಳಗಿಳಿಯುವವನು ಮೊದಲು ನೋಡುವುದು ನೀರಿನ ಆಳ ಅಲ್ಲ, ಮೇಲೆ ಹಗ್ಗ ಹಿಡಿದವರು ಯಾರು ಅಂತ. ಹಗ್ಗದಲ್ಲಿ ಇಳಿಯುವ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಕೆಳಗೆ ತೂಗುವ ಮನುಷ್ಯ, ಜೀವ ನಿಂತಿರುವುದು ಮೇಲೆ ಕಟ್ಟಿದ ಜಾಗದಲ್ಲಿ. ಕುರುಂಬರ ಬಳ್ಳಿ ಏಣಿಗೂ ಯೂಟಾದ ದುಬಾರಿ ಹಗ್ಗಕ್ಕೂ ಈ ವಿಷಯದಲ್ಲಿ ವ್ಯತ್ಯಾಸವೇ ಇಲ್ಲ.

ಹೊಸ ಕಾಲದ ವಿಧಾನ ಹೇಗೆ ಕೆಲಸ ಮಾಡುತ್ತದೆ ನೋಡಿ. ಇಳಿಯುವವನು ಸೊಂಟ ಮತ್ತು ತೊಡೆಗೆ ಪಟ್ಟಿ ಕಟ್ಟಿಕೊಳ್ಳುತ್ತಾನೆ, ಅದಕ್ಕೆ ಹಾರ್ನೆಸ್ ಅನ್ನುತ್ತಾರೆ. ಅದರ ಎದುರಿಗೆ ಎಂಟರ ಆಕಾರದ ಒಂದು ಲೋಹದ ತುಂಡು. ಹಗ್ಗ ಅದರೊಳಗೆ ಬಳಸಿ ಹೋಗುವಾಗ ತಿಕ್ಕಾಟ ಹುಟ್ಟುತ್ತದೆ, ಆ ತಿಕ್ಕಾಟವೇ ಬ್ರೇಕ್. ಕೆಳಗಿನ ಕೈ ಹಗ್ಗವನ್ನು ಹಿಂದಕ್ಕೆ ಎಳೆದರೆ ನಿಲ್ಲುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಆ ಕೈ ಪೂರ್ತಿ ಬಿಟ್ಟರೆ ಬ್ರೇಕೇ ಇಲ್ಲ. ಕಲ್ಹಟ್ಟಿಯಲ್ಲಿ ಬ್ರೇಕ್ ಡ್ರಮ್ ಕಾಯುವ ಹಾಗೆ ಈ ಲೋಹವೂ ಕಾಯುತ್ತದೆ. ವೀಡಿಯೊದಲ್ಲಿ ಸರ್ರನೆ ಜಾರಿ ಬರುವವನ ಲೋಹ ಹಗ್ಗದ ಮೇಲ್ಪದರವನ್ನೇ ಸುಡುವಷ್ಟು ಬಿಸಿಯಾಗಬಹುದು. ನಿಧಾನ ಇಳಿಯುವವನೇ ಕೆಲಸ ಗೊತ್ತಿದ್ದವನು.

ಇನ್ನು ಹಗ್ಗ. ಜನರನ್ನು ಇಳಿಸುವ ಹಗ್ಗಕ್ಕೆ ಯುರೋಪಿನಲ್ಲಿ ಇಎನ್ 1891 ಎಂಬ ಮಾನದಂಡ ಇದೆ. ಅದರ ಎ ದರ್ಜೆಯ ಹಗ್ಗ ಗಂಟಿಲ್ಲದೆ 22 ಕಿಲೋನ್ಯೂಟನ್, ಅಂದರೆ ಹೆಚ್ಚು ಕಡಿಮೆ 2,200 ಕೆ.ಜಿ. ಭಾರ ತಾಳಬೇಕು. ಗಂಟು ಹಾಕಿದ ಮೇಲೆ ಕೇಳುವುದು 15 ಕಿಲೋನ್ಯೂಟನ್ ಮಾತ್ರ. ಯಾಕೆಂದರೆ ಗಂಟು ಹಾಕಿದಲ್ಲಿ ಹಗ್ಗದ ಬಲ ಸುಮಾರು ಮೂರನೇ ಒಂದು ಭಾಗ ಹೋಗಿಯೇ ಹೋಗುತ್ತದೆ. ಎಪ್ಪತ್ತು ಕೆ.ಜಿ. ಮನುಷ್ಯನಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ನಿಂತ ಭಾರ ಬೇರೆ, ಜಾರಿ ಬಿದ್ದು ಜಗ್ಗುವ ಭಾರ ಬೇರೆ. ಮೇಲಾಗಿ ಬಂಡೆಯ ಅಂಚು ಗರಗಸದ ಹಾಗೆ ಒಂದೇ ಜಾಗದಲ್ಲಿ ಉಜ್ಜುತ್ತಿರುತ್ತದೆ.

ದಕ್ಕೆಯಲ್ಲಿ ಬೋಟಿಗೆ ಕಟ್ಟುವ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಆಗುವುದಿಲ್ಲ. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ನೀರಲ್ಲಿ ತೇಲುತ್ತದೆ, ಅಗ್ಗ, ಬೋಟಿಗೆ ಒಳ್ಳೆಯದು. ಆದರೆ ಸುಮಾರು 160 ಡಿಗ್ರಿಗೆ ಕರಗುತ್ತದೆ, ಬಿಸಿಲಲ್ಲಿ ಬಿದ್ದರೆ ಒಳಗೊಳಗೇ ಪುಡಿಯಾಗುತ್ತದೆ. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಹತ್ತಿರದ ಫಾಲ್ಸಿನಲ್ಲಿ ಅದನ್ನು ಮರಕ್ಕೆ ಕಟ್ಟಿ ಇಳಿಯುವ ಹುಡುಗರಿಗೆ ಹೇಳುವ ಮಾತು ಇಷ್ಟೇ. ಕುರುಂಬ ತನ್ನ ಬಳ್ಳಿಯ ವಯಸ್ಸು ಗೊತ್ತಿದ್ದು ಇಳಿಯುತ್ತಾನೆ. ನಿಮ್ಮ ಹಗ್ಗದ ವಯಸ್ಸು ಅಂಗಡಿಯವನಿಗೂ ಗೊತ್ತಿರುವುದಿಲ್ಲ.

ಕಟ್ಟುವ ಜಾಗದಲ್ಲೂ ಲೆಕ್ಕ ಇದೆ. ಒಂದೇ ಆಧಾರ ಸಾಲದು ಅಂತ ಎರಡು ಮರಕ್ಕೆ ಹಗ್ಗ ಹಂಚುತ್ತಾರೆ. ಎರಡು ಹಗ್ಗದ ನಡುವಿನ ಕೋನ ಕಿರಿದಾಗಿದ್ದರೆ ಒಂದೊಂದು ಮರಕ್ಕೆ ಅರ್ಧ ಭಾರ. 90 ಡಿಗ್ರಿಗೆ ಅಗಲವಾದರೆ ಒಂದೊಂದಕ್ಕೂ 71 ಶೇಕಡ. 120 ಡಿಗ್ರಿಗೆ ಬಂದರೆ ಎರಡೂ ಮರದ ಮೇಲೆ ಪೂರ್ತಿ ಭಾರ ಬೀಳುತ್ತದೆ, ಹಂಚಿದ್ದು ವ್ಯರ್ಥ. ಇನ್ನೂ ಅಗಲವಾದರೆ ಒಂದೇ ಮರಕ್ಕೆ ಕಟ್ಟಿದ್ದಕ್ಕಿಂತ ಕೆಟ್ಟದು. ಗಟ್ಟಿ ಕಾಣುವ ಕಟ್ಟು ಈ ರೀತಿ ಮೋಸ ಮಾಡುತ್ತದೆ. ಇದನ್ನು ಯೂಟ್ಯೂಬಿನಲ್ಲಿ ನೋಡಿ ಕಲಿಯಲು ಆಗುವುದಿಲ್ಲ, ಗುರು ಎದುರಿಗೆ ಇರಬೇಕು. ಕರ್ನಾಟಕದಲ್ಲಿ ಸರಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಂಡೆ ಹತ್ತುವುದು ಇಳಿಯುವುದನ್ನು ಕ್ರಮವಾಗಿ ಕಲಿಸುತ್ತಾರೆ. ಹುಚ್ಚು ಇದ್ದವರು ಅಲ್ಲಿಂದ ಶುರು ಮಾಡಬಹುದು.

ಈಗ ಕುರುಂಬರಿಗೂ ಕಣಿವೆ ಇಳಿಯುವ ಹವ್ಯಾಸಿಗಳಿಗೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರೋಣ. ಕುರುಂಬ ಇಳಿದ ಏಣಿಯಲ್ಲೇ ವಾಪಸ್ ಬರುತ್ತಾನೆ. ಮರುಭೂಮಿಯ ಕಣಿವೆಯಲ್ಲಿ ಇಳಿಯುವ ತಂಡ ಹಗ್ಗವನ್ನು ಆಧಾರದ ಸುತ್ತ ಎರಡು ಮಡಿಕೆ ಹಾಕಿ, ಎಲ್ಲರೂ ಇಳಿದ ಮೇಲೆ ಒಂದು ತುದಿ ಎಳೆದು ಹಗ್ಗವನ್ನು ಕೆಳಕ್ಕೆ ತೆಗೆದುಕೊಳ್ಳುತ್ತದೆ. ಮುಂದಿನ ಇಳಿಜಾರಿಗೆ ಅದೇ ಹಗ್ಗ ಬೇಕಲ್ಲ. ಆದರೆ ಎಳೆದ ಆ ಕ್ಷಣಕ್ಕೆ ಹಿಂದಿನ ದಾರಿ ಮುಗಿಯಿತು. ಹಿಂದೆ ನುಣುಪಾದ ಗೋಡೆ, ಮುಂದೆ ಗೊತ್ತಿಲ್ಲದ ಇಳಿತ. ಕೊನೆಯವರೆಗೆ ಹೋಗಲೇಬೇಕು. ಮುಂದಿನ ಇಳಿತಕ್ಕೆ ಹಗ್ಗ ಮೋಟಾದರೆ, ಎಳೆಯುವಾಗ ಮೇಲೆ ಸಿಕ್ಕಿಕೊಂಡರೆ, ಒಬ್ಬನ ಕಾಲು ಉಳುಕಿದರೆ ಕರೆಯಲು ಮೇಲೆ ಯಾವ ಭಾವನೂ ಇರುವುದಿಲ್ಲ. ಎರಡು ಗೋಡೆಗಳ ನಡುವೆ ಮೊಬೈಲ್ ಸಿಗ್ನಲ್ ಕೂಡ ಸಿಗುವುದಿಲ್ಲ.

ಎ.ಆರ್. ರಹಮಾನ್ ಸಂಗೀತದ ‘127 ಅವರ್ಸ್’ ಸಿನಿಮಾ ನೋಡಿದವರಿಗೆ ಏರನ್ ರಾಲ್‌ಸ್ಟನ್ ನೆನಪಿರಬಹುದು. 2003ರ ಏಪ್ರಿಲ್ 26ರಂದು ಯೂಟಾದ ಬ್ಲೂಜಾನ್ ಕಣಿವೆಗೆ ಒಬ್ಬನೇ ಹೋದ. ಎಲ್ಲಿಗೆ ಹೋಗುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ. ಜಾರಿದ ಕಲ್ಲಿನ ಅಡಿ ಕೈ ಸಿಕ್ಕಿತು. ಐದು ದಿನ ಯಾರೂ ಬರಲಿಲ್ಲ, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅದಾದ ಮೇಲೂ ಸುಮಾರು 65 ಅಡಿಯ ಗೋಡೆಯನ್ನು ಒಂದೇ ಕೈಯಲ್ಲಿ ಹಗ್ಗ ಹಿಡಿದು ಇಳಿಯಬೇಕಾಯಿತು. ಹೊರಬರುವ ದಾರಿ ಅದೊಂದೇ ಇತ್ತು. ಜನ ಅವನ ಎದೆಗಾರಿಕೆಯನ್ನು ಹೊಗಳುತ್ತಾರೆ, ಹೊಗಳಲಿ. ಆದರೆ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟಿದ್ದರೆ ಹುಡುಕುವವರು ಮೊದಲೇ ಹೊರಡುತ್ತಿದ್ದರು.

ಕಣಿವೆಯಲ್ಲಿ ಹಗ್ಗಕ್ಕಿಂತ ಹೆಚ್ಚು ಜನರನ್ನು ಹೆದರಿಸಬೇಕಾದದ್ದು ನೀರು. ಮರುಭೂಮಿಯಲ್ಲಿ ನೀರೇ ಎಂದು ಆಶ್ಚರ್ಯ ಆಗಬಹುದು. ಒಣ ನೆಲ ಮತ್ತು ಬಂಡೆ ಮಳೆಯನ್ನು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ನೇರ ಕಣಿವೆಗೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು, ಮಳೆ ಬಿದ್ದದ್ದು ದೂರದಲ್ಲಿ. 2015ರ ಸೆಪ್ಟೆಂಬರ್ 14ರಂದು ಯೂಟಾದ ಝಯಾನ್ ಪಾರ್ಕಿನ ಕೀಹೋಲ್ ಕಣಿವೆಗೆ ಹಗ್ಗದಲ್ಲಿ ಇಳಿದ ಏಳು ಜನರ ತಂಡದಲ್ಲಿ ಒಬ್ಬರೂ ಉಳಿಯಲಿಲ್ಲ. ಗೋಡೆ ಕಿರಿದಾದಷ್ಟೂ ನೀರಿನ ಮಟ್ಟ ಬೇಗ ಏರುತ್ತದೆ, ಓಡಲು ಬದಿ ಇರುವುದಿಲ್ಲ.

ಗಲ್ಫಿನಲ್ಲಿ ದುಡಿಯುವ ಮಂದಿಗೆ ಇದು ದೂರದ ಸುದ್ದಿ ಅಲ್ಲ. ರಜೆಯ ದಿನ ರಾಸ್ ಅಲ್ ಖೈಮಾ, ಫುಜೈರಾ, ಒಮಾನಿನ ವಾದಿಗಳಿಗೆ ಗಾಡಿ ಮಾಡಿಕೊಂಡು ಹೋಗುವವರು ಬಹಳ. ವಾದಿ ಅಂದರೆ ಅದೇ, ವರ್ಷದ ಹೆಚ್ಚಿನ ದಿನ ಒಣಗಿರುವ ಕಣಿವೆ. 2024ರ ಏಪ್ರಿಲ್‌ನಲ್ಲಿ ಒಮಾನಿನಲ್ಲಿ ಬಂದ ಪ್ರವಾಹದಲ್ಲಿ ಶಾಲಾ ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಯುಎಇಯಲ್ಲಿ 2023ರಿಂದ ಮಳೆಯ ವೇಳೆ ವಾದಿ, ಅಣೆಕಟ್ಟಿನ ಹತ್ತಿರ ಗುಂಪು ಸೇರಿದರೆ 1,000 ದಿರ್ಹಮ್ ದಂಡ ಮತ್ತು 6 ಬ್ಲ್ಯಾಕ್ ಪಾಯಿಂಟ್. ನೀರು ಹರಿಯುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್, 23 ಪಾಯಿಂಟ್, ಗಾಡಿ 60 ದಿನ ಜಪ್ತಿ. ನೀರು ನೋಡಲು ಹೋಗಿ ಲೈಸನ್ಸ್ ಕಳೆದುಕೊಂಡರೆ ಡ್ರೈವರ್ ಕೆಲಸದವನ ಮನೆಯ ಒಲೆಯೇ ಆರುತ್ತದೆ.

ಮೋಯಾರ್ ಕಮರಿಯಲ್ಲೂ ಇದೇ ಗುಣ. ಮೇಲೆ ಪೈಕಾರಾ ಕಡೆ ವಿದ್ಯುತ್ ಅಣೆಕಟ್ಟುಗಳು ಇವೆ. ಅಲ್ಲಿ ನೀರು ಬಿಟ್ಟರೆ ಮಸಿನಗುಡಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಕೆಳಗೆ ನದಿ ಏರುತ್ತದೆ. ಕಮರಿಯ ಆಚೆ ತುದಿಯ ತೆಂಗುಮರಹಾಡ ಊರಿನವರು ಬಸ್ಸಿಳಿದು ತೆಪ್ಪದಲ್ಲಿ ನದಿ ದಾಟುವವರು, ಈ ಏರಿಳಿತ ಅವರಿಗೆ ದಿನನಿತ್ಯದ್ದು. ಹೊರಗಿನವರಿಗೆ ಮೋಯಾರ್ ಕಮರಿಗೆ ಇಳಿಯುವುದು ಅಪಾಯ ಮಾತ್ರವಲ್ಲ, ಅಪರಾಧವೂ ಹೌದು. ಸುತ್ತ ಇರುವುದು 2007ರಲ್ಲಿ ಘೋಷಣೆಯಾದ ಮುದುಮಲೈ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ದಕ್ಷಿಣ ಭಾರತದಲ್ಲಿ ಉಳಿದಿರುವ ರಣಹದ್ದುಗಳ ದೊಡ್ಡ ನೆಲೆಯೂ ಈ ಕಣಿವೆಯೇ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಸತ್ತ ಮೇಲೆ ತಮಿಳುನಾಡು ಚಾರಣದ ನಿಯಮಗಳನ್ನು ಬಿಗಿ ಮಾಡಿದೆ. ‘ನಮಗೆ ಲೋಕಲ್ ಹುಡುಗ ಪರಿಚಯ ಇದ್ದಾನೆ’ ಅನ್ನುವುದು ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ.

ಹೆಜ್ಜೇನಿನ ಬಗ್ಗೆಯೂ ಒಂದು ಮಾತು. ಬಂಡೆಯ ಕೆಳಗೆ ನಿಂತು ಕಲ್ಲು ಹೊಡೆಯುವುದು, ಡ್ರೋನ್ ಹಾರಿಸುವುದು, ಸಿಗರೇಟ್ ಹೊಗೆ, ಇವೆಲ್ಲ ಹುಳುವನ್ನು ಎಬ್ಬಿಸುತ್ತವೆ. ಗಾಢ ವಾಸನೆಯೂ ಹಾಗೆಯೇ. ಜುಮಾಕ್ಕೆ ಹಚ್ಚಿದ ಅತ್ತರಿನಲ್ಲೇ ಅಲ್ಲಿಗೆ ಹೋಗಬೇಡಿ. ಒಂದು ಹುಳು ಕಚ್ಚಿದರೆ ಅಲ್ಲಿಂದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ, ಅದು ಉಳಿದ ಹುಳುಗಳಿಗೆ ‘ಇಲ್ಲಿ ಕಚ್ಚಿ’ ಎನ್ನುವ ಗುರುತು. ಕೈ ಬೀಸಿ ನಿಲ್ಲದೆ ಮುಖ ಮುಚ್ಚಿ ಓಡಬೇಕು, ಗಾಡಿಯೋ ಮನೆಯೋ ಸಿಕ್ಕರೆ ಒಳಗೆ ಸೇರಬೇಕು. ಮುಳ್ಳುಗಳನ್ನು ತಡ ಮಾಡದೆ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತುಂಬಾ ಕಚ್ಚಿದ್ದರೆ ನೇರ ಆಸ್ಪತ್ರೆಗೆ.

ಇಷ್ಟೆಲ್ಲ ಆದ ಮೇಲೆ ಏಣಿ ಇಳಿದವನಿಗೆ ಸಿಗುವುದೆಷ್ಟು? ವ್ಯಾಪಾರಸ್ಥರು ಕೇಳಲೇಬೇಕಾದ ಪ್ರಶ್ನೆ ಇದು. ಕಾಡಿನ ಕಿರು ಉತ್ಪನ್ನಗಳಿಗೆ ಕೇಂದ್ರ ಸರಕಾರ ಕನಿಷ್ಠ ಬೆಂಬಲ ಬೆಲೆ ನಿಗದಿ ಮಾಡುತ್ತದೆ. 2020ರ ಮೇ ತಿಂಗಳಲ್ಲಿ ಕಾಡುಜೇನಿನ ದರ ಕೆ.ಜಿ.ಗೆ 195ರಿಂದ 225 ರೂಪಾಯಿ ಆಯಿತು. ಅದರಲ್ಲಿ ಬಳ್ಳಿ ಕಡಿದ ದಿನದ ಕೂಲಿ ಬೇಕು, ಮೇಲೆ ಕಾದ ಭಾವನ ಪಾಲು ಬೇಕು, ಹೊತ್ತು ತಂದವರ ಪಾಲು ಬೇಕು. ವಿಮೆಯ ಕಂತಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಬೀಳುವ ಅಪಾಯವನ್ನು ಬೆಲೆಯಲ್ಲಿ ಸೇರಿಸದ ಸರಕು ಇದು. ಬೆಟ್ಟದ ಮೇಲೆ ಅಗ್ಗಕ್ಕೆ ಕೊಂಡವರು ಕೆಳಗೆ ‘ಕಾಡುಜೇನು’ ಅಂತ ಲೇಬಲ್ ಹಾಕಿ ಎಷ್ಟಕ್ಕೆ ಮಾರುತ್ತಾರೆ ಎಂಬುದನ್ನು ಯಾವ ಅಂಗಡಿಯಲ್ಲೂ ನೋಡಬಹುದು.

ಕಾನೂನಿನಲ್ಲಿ ಬದಲಾವಣೆ ಬಂದಿಲ್ಲ ಎಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಮೇಣ ಎರಡನ್ನೂ ಕಿರು ಅರಣ್ಯ ಉತ್ಪನ್ನ ಅಂತ ಹೆಸರಿಸಿ ಅದರ ಒಡೆತನದ ಹಕ್ಕನ್ನು ಕಾಡಿನ ಜನರಿಗೇ ಕೊಟ್ಟಿದೆ. ನೀಲಗಿರಿಯಲ್ಲಿ 1993ರಲ್ಲಿ ಶುರುವಾದ ಕೀಸ್ಟೋನ್ ಫೌಂಡೇಶನ್ ಕೋತಗಿರಿಯಲ್ಲಿ ನೆಲೆಯೂರಿ ಜೇನು ತೆಗೆಯುವವರ ಜೊತೆಯಲ್ಲೇ ಕೆಲಸ ಆರಂಭಿಸಿತು. ಅದರ ಒಡನಾಟದಲ್ಲಿ 2013ರಲ್ಲಿ ಆದಿಮಲೈ ಪಳಂಗುಡಿಯಿನರ್ ಎಂಬ ಉತ್ಪಾದಕರ ಕಂಪನಿ ಹುಟ್ಟಿತು. ಶೇರುದಾರರು ಕಾಡಿನ ಜನರೇ. ಈ ಕಂಪನಿಗೆ 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು, ಅದೇ ವರ್ಷ ಹೊನ್ನಾವರದ ಸ್ನೇಹಕುಂಜ ಟ್ರಸ್ಟ್‌ಗೂ ಬಂತು. ಮಧ್ಯವರ್ತಿ ಕಡಿಮೆಯಾದಷ್ಟೂ ಏಣಿ ಇಳಿದವನಿಗೆ ಹೆಚ್ಚು ಉಳಿಯುತ್ತದೆ. ಇದು ದಾನದ ಮಾತಲ್ಲ, ಪೂರೈಕೆ ಸರಪಳಿಯ ಮಾತು.

ಗ್ರಾಹಕರಾಗಿ ತಿಳಿಯಬೇಕಾದ್ದೂ ಇದೆ. ಕುರ್‌ಆನ್‌ನ 16ನೇ ಅಧ್ಯಾಯಕ್ಕೆ ಜೇನ್ನೊಣದ ಹೆಸರೇ ಇದೆ, ಕರಿಜೀರಿಗೆ ಜೊತೆ ಜೇನಿನ ಬಾಟಲಿ ಹೆಚ್ಚಿನ ಮನೆಗಳಲ್ಲಿ ಇರುತ್ತದೆ. ಆದರೆ ಕೊಳ್ಳುವಾಗ ನೋಡುವ ಪರೀಕ್ಷೆಗಳೆಲ್ಲ ಸುಳ್ಳು. ನೀರಿಗೆ ಹಾಕಿದರೆ ಮುಳುಗುವುದು, ಬೆಂಕಿಕಡ್ಡಿಗೆ ಸವರಿ ಹಚ್ಚುವುದು, ಹೆಬ್ಬೆರಳ ಮೇಲೆ ಹನಿ ನಿಲ್ಲುವುದು, ಇವೆಲ್ಲದರಲ್ಲೂ ಗಟ್ಟಿ ಸಕ್ಕರೆ ಪಾಕ ಪಾಸಾಗುತ್ತದೆ. ತಮಾಷೆ ಏನೆಂದರೆ ನಿಜವಾದ ಹೆಜ್ಜೇನು ಇದರಲ್ಲಿ ಫೇಲಾಗಬಹುದು. ಬಂಡೆಯ ಜೇನಿನಲ್ಲಿ ನೀರಿನ ಅಂಶ ಸಹಜವಾಗಿಯೇ ಹೆಚ್ಚು, ಎಷ್ಟೋ ಸಲ 20 ಶೇಕಡ ದಾಟುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 20. ಆದ್ದರಿಂದ ಹೆಜ್ಜೇನು ತೆಳ್ಳಗೆ ಹರಿಯುತ್ತದೆ, ಸರಿಯಾಗಿ ಇಡದಿದ್ದರೆ ನೊರೆ ಬಂದು ಹುಳಿಯುತ್ತದೆ. ತೆಳ್ಳಗಿದೆ ಅಂತ ಬಿಸಾಡಿ ಗಟ್ಟಿ ಪಾಕ ಕೊಂಡುಕೊಂಡವರು ಕಡಿಮೆ ಇಲ್ಲ. ಪೂರ್ತಿ ಬಲಿತು ಮೇಣದ ಮುಚ್ಚಳ ಬಿದ್ದ ಎರಿಯನ್ನೇ ಕೊಯ್ದರೆ ನೀರು ಕಡಿಮೆ ಇರುತ್ತದೆ. ಆದರೆ ಅದಕ್ಕೆ ಕಾಯುವ ತಾಳ್ಮೆ ಬೇಕು. ಮೊದಲೇ ಸಾಲ ಕೊಟ್ಟು ‘ಬೇಗ ತೆಗಿ’ ಅನ್ನುವ ವ್ಯಾಪಾರಿ ಇದ್ದಲ್ಲಿ ಆ ತಾಳ್ಮೆ ಇರುವುದಿಲ್ಲ.

ಗೂಡಲೂರು ಕಡೆಯ ಕಾಟ್ಟುನಾಯಕರು ಎತ್ತರದ ಮರಗಳಿಂದಲೂ ಜೇನು ತೆಗೆಯುತ್ತಾರೆ. ಕರ್ನಾಟಕದ ನಾಗರಹೊಳೆ, ಬಂಡೀಪುರದ ಜೇನುಕುರುಬರ ಹತ್ತಿರದ ಬಳಗ ಇವರು. ಬಂಡೆಯಲ್ಲಿ ಈಗ ಬಳ್ಳಿಯ ಬದಲು ನೈಲಾನ್ ಹಗ್ಗವನ್ನು ಬಳಸುವ ತಂಡಗಳೂ ಇವೆ. ಬಳ್ಳಿ ಕಡಿಯುವ ಶ್ರಮ ಉಳಿಯಿತು, ವರ್ಷವರ್ಷ ಹೊಸ ಏಣಿ ಎಂಬ ನಿಯಮ ಮಾತ್ರ ಅದರ ಜೊತೆಗೇ ಹೋಗುವ ಭಯ ಇದೆ. ನೈಲಾನ್ ಹಳತಾದದ್ದು ಬಳ್ಳಿಯ ಹಾಗೆ ಕಣ್ಣಿಗೆ ಕಾಣುವುದಿಲ್ಲ.

ನೀಲಗಿರಿಯಲ್ಲಿ ಹೆಜ್ಜೇನಿನ ಮುಖ್ಯ ಸೀಸನ್ ಏಪ್ರಿಲ್‌ನಿಂದ ಜೂನ್. ಮುಂಗಾರು ಜೋರಾದರೆ ಹುಳು ಗೂಡು ಬಿಟ್ಟು ವಲಸೆ ಹೋಗುತ್ತದೆ. ಊಟಿ ಟ್ರಿಪ್‌ನಲ್ಲಿ ರಸ್ತೆ ಬದಿಯ ಬಾಟಲಿ ಬೇಡ ಅನ್ನುವವರಿಗೆ ಕೋತಗಿರಿ, ಕೂನೂರು, ಊಟಿಯಲ್ಲಿ ಕಾಡಿನ ಜನರ ಉತ್ಪನ್ನ ಮಾರುವ ಲಾಸ್ಟ್ ಫಾರೆಸ್ಟ್ ಅಂಗಡಿಗಳಿವೆ. ಇ-ಪಾಸ್ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಕಲ್ಹಟ್ಟಿಯಲ್ಲಿ ಹತ್ತಿ ಹೋದವರು ವಾಪಸ್ ಬರುವಾಗ ಗೂಡಲೂರು ದಾರಿ ಹಿಡಿಯಬೇಕು, ಬಂಡೀಪುರದ ಗೇಟಿಗೆ ರಾತ್ರಿ 9ರೊಳಗೆ ತಲುಪುವಷ್ಟು ಟೈಮ್ ಇಟ್ಟುಕೊಂಡು.